ಬೊಗಸೆ ನೀರಿನ ಫೋಟೋ

ನನಗೊಂದು ಕೆಟ್ಟ ಅಭ್ಯಾಸವಿದೆ. ಹಳೆಯ ಕಾಲದ ಯಾವ ವಸ್ತು ಕಂಡರೂ ‘ಇದು ನಮ್ಮನೆಯಲ್ಲೂ ಇತ್ತು’ ಎಂದು ಯಾರಿಗಾದರೂ ಹೇಳಲೇಬೇಕು. ಕೇಳುವವರು ಸಿಗದಿದ್ದರೆ ಆ ವಸ್ತುವಿಗೇ ಹೇಳಿ ಮುಂದೆ ಹೋಗುತ್ತೇನೆ. ಮನೆಯಲ್ಲಿದ್ದಾಗ ಅದಕ್ಕೆ ಕೊಟ್ಟ ಮರ್ಯಾದೆ ಮಾತ್ರ ಅಷ್ಟಕ್ಕಷ್ಟೆ. ನಮ್ಮ ಅವ್ವನ ಬೀಸುವ ಕಲ್ಲನ್ನು ಬಚ್ಚಲಿಗೆ ಮೆಟ್ಟಿಲು ಮಾಡಿಸಿದವನು ನಾನೇ.

ಹಾಗಾಗಿ, ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಕಡೆ ಯಾರೋ ಹಳೆಯ ಕಾಲದ ಹಳ್ಳಿಯೊಂದನ್ನು ಬಯಲಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ, ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ನಿಜವಾದ ಮನುಷ್ಯರೇ ಭತ್ತ ಕುಟ್ಟುತ್ತಾರೆ, ಮಡಕೆ ಮಾಡುತ್ತಾರೆ ಎಂದು ಮೊಮ್ಮಗಳು ಸಿಂಚನ ಹೇಳಿದಾಗ ಎಲ್ಲರಿಗಿಂತ ಮೊದಲು ಶರ್ಟು ಹಾಕಿಕೊಂಡು ನಿಂತವನೂ ನಾನೇ. ಭಾನುವಾರ ಹನೂರಿನಿಂದ ಹೊರಟೆವು. ಮಗ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಅವನ ಮಾವ, ಅಂದರೆ ನನ್ನ ಬೀಗರು ಮಾದಯ್ಯ. ಹಿಂದೆ ನಾನು, ಸೊಸೆ ಶೋಭಾ, ನಡುವೆ ಸಿಂಚನ.

ಮಾದಯ್ಯನವರ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಅವರು ನಮ್ಮ ಊರಿನವರೇ, ಊರ ಹೊರಗಿನ ಕೇರಿಯವರು. ಅವರ ಅಪ್ಪ ನಮ್ಮ ಹೊಲದಲ್ಲಿ ದುಡಿದವರು. ಮೀಸೆ ಮೂಡುವವರೆಗೆ ಮಾದಯ್ಯನವರೂ ದುಡಿದರು. ಆಮೇಲೆ ಬಸ್ಸಿನ ಡ್ರೈವರ್ ಆಗಿ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಒಂದು ಆಯುಷ್ಯ ಕಳೆದರು. ನನ್ನ ಮಗ ಅವರ ಮಗಳನ್ನು ಮದುವೆಯಾದಾಗ ನಾನು ಹೋಗಲಿಲ್ಲ. ಸಿಂಚನ ಹುಟ್ಟಿ, ನಡೆಯಲು ಕಲಿತು, ನಮ್ಮ ಹೊಸ್ತಿಲು ದಾಟಿ ತಾನಾಗಿ ಒಳಗೆ ಬಂದ ಮೇಲೆ ಮನಸ್ಸು ಕರಗಿತು. ಹಾಗೆ ಕರಗಿದ್ದಕ್ಕೂ ನನಗೊಂದು ಜಂಬವಿತ್ತು ನೋಡಿ. ಏನೋ ದೊಡ್ಡ ದಾನ ಮಾಡಿದವನ ಹಾಗೆ ಊರಲ್ಲಿ ಓಡಾಡಿದೆ. ಬೀಗರಿಬ್ಬರೂ ಜೊತೆಯಾಗಿ ಹೊರಗೆ ಹೊರಟದ್ದು ಇದೇ ಮೊದಲು. ಎಲ್ಲ ಸರಿಹೋಯಿತು, ಮಾದಯ್ಯ ನನ್ನನ್ನು ಕ್ಷಮಿಸಿದ್ದಾರೆ, ಇದನ್ನು ಇನ್ನು ಯಾರೂ ಎತ್ತುವುದಿಲ್ಲ ಎಂದುಕೊಂಡು ನಾನು ಕಾಮಗೆರೆ ದಾಟುವಷ್ಟರಲ್ಲಿ ಒಂದು ನಿದ್ದೆ ತೆಗೆದೆ.

ಹಳ್ಳಿ ಚೆನ್ನಾಗಿತ್ತು. ಅಷ್ಟು ಚೆನ್ನಾದ ಹಳ್ಳಿಯಲ್ಲಿ ನಾನು ಯಾವತ್ತೂ ಬದುಕಿಲ್ಲ. ಎತ್ತುಗಳು ಸೋಪು ಹಾಕಿ ತೊಳೆದ ಹಾಗಿದ್ದವು. ಸಗಣಿ ನೆಲಕ್ಕೆ ಬೀಳುವ ಮೊದಲೇ ಒಬ್ಬ ಬುಟ್ಟಿ ಹಿಡಿದು ಓಡಿಬರುತ್ತಿದ್ದ. ಕುಂಬಾರನ ಚಕ್ರದ ಅಡಿಯಲ್ಲಿ ಮೋಟಾರು ಗುಂಯ್ ಎನ್ನುತ್ತಿತ್ತು. ನೊಣವಿಲ್ಲ, ತಿಗಣೆಯಿಲ್ಲ, ಕೆಮ್ಮುವ ಮುದುಕರಿಲ್ಲ. ಇದ್ದ ಮುದುಕ ನಾನೊಬ್ಬ. ನೊಗ, ಕುಂಟೆ, ಕೊಳಗ ಎಂದು ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಾ, ಗೊತ್ತಿಲ್ಲದ್ದಕ್ಕೂ ಒಂದು ಹೆಸರು ಹೇಳುತ್ತಾ ನಡೆದೆ. ಅಪರಿಚಿತರೂ ನನ್ನ ಹಿಂದೆ ಬರತೊಡಗಿದಾಗ ಎದೆ ಇನ್ನಷ್ಟು ಉಬ್ಬಿತು.

ಹೈಸ್ಕೂಲಿನಲ್ಲಿ ಚರಿತ್ರೆ ನನ್ನ ಮೆಚ್ಚಿನ ವಿಷಯವಾಗಿತ್ತು. ನಮ್ಮ ಪುಸ್ತಕದ ರಾಜರು ಎರಡೇ ಕೆಲಸ ಮಾಡುತ್ತಿದ್ದರು: ಯುದ್ಧ ಮಾಡುತ್ತಿದ್ದರು, ಬಿಡುವಾದಾಗ ಕೆರೆ ಕಟ್ಟಿಸುತ್ತಿದ್ದರು. ಕೆರೆ ಕಟ್ಟಿಸಿದವರ ಹೆಸರು ಬರೆದರೆ ಅಂಕ ಸಿಗುತ್ತಿತ್ತು. ಆ ಕೆರೆಯ ನೀರನ್ನು ಯಾರು ಮುಟ್ಟಬಹುದಿತ್ತು ಎಂದು ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ನನಗೆ ಓದದೆಯೇ ಬರುತ್ತಿತ್ತು.

ಗೌಡರ ಮನೆ, ಶೆಟ್ಟರ ಅಂಗಡಿ, ನೇಕಾರರ ಮಗ್ಗ, ಕಮ್ಮಾರನ ಕುಲುಮೆ ಎಲ್ಲ ನೋಡಿ ಮುಗಿದಾಗ ಮಾದಯ್ಯ ಬಾಯಿ ಬಿಟ್ಟರು. ಹಳೆಯ ಕಾಲದ ಸೀರೆ ಉಟ್ಟು ಊರು ತೋರಿಸುತ್ತಿದ್ದ ಹುಡುಗಿಯನ್ನು ಕೇಳಿದರು: “ಊರು ಇಷ್ಟೇಯಾ ಮಗಾ?”

“ಇಷ್ಟೇ ತಾತ. ಆಚೆಗೆ ಕ್ಯಾಂಟೀನ್ ಅದೆ.”

“ಓಹೋ. ನಮ್ ಜಾಗ್ದಲ್ಲಿ ಕ್ಯಾಂಟೀನ್ ಮಾಡವ್ರೆ.”

ಹುಡುಗಿಗೆ ಅರ್ಥವಾಗಲಿಲ್ಲ. ನನಗಾಯಿತು. ಕೇಳಿಸದವನ ಹಾಗೆ ಒಂದು ಒನಕೆಯನ್ನು ಬಹಳ ಹೊತ್ತು ಪರೀಕ್ಷಿಸಿದೆ.

ಕೊನೆಗೆ ನಮ್ಮನ್ನು ಗೌಡರ ಮನೆಯ ಜಗಲಿಯ ಮುಂದೆ ನಿಲ್ಲಿಸಿದರು. ಫೋಟೋ ತೆಗೆಸಿಕೊಳ್ಳುವ ಜಾಗವಂತೆ. ಜಗಲಿಯ ಮೇಲೆ ತಾಮ್ರದ ಕೊಡ, ಪಕ್ಕದಲ್ಲಿ ಚೆಂಬು. ಹುಡುಗಿ ಬಾಯಿಪಾಠ ಒಪ್ಪಿಸಿದಳು: “ಹಿಂದೆ ಮನೆಗೆ ಬಂದೋರಿಗೆ ಮೊದಲು ನೀರು ಕೊಡೋರು. ಲೋಟ ಬೇಡ, ಗ್ಲಾಸು ಬೇಡ, ಹಿಂಗೆ ಬೊಗಸೆ ಹಿಡಿದ್ರೆ ಮೇಲಿಂದ ಹುಯ್ಯೋರು. ಪರಿಸರಕ್ಕೂ ಒಳ್ಳೇದು.” ಜನ ಸಾಲಾಗಿ ನಿಂತು ಒಬ್ಬರಿಗೊಬ್ಬರು ನೀರು ಹುಯ್ದು, ಮೈ ನೆನೆಸಿಕೊಂಡು, ಕಿರುಚಿ ನಗುತ್ತಿದ್ದರು.

ಮನೆಗೆ ಬಂದ ನೆಂಟರಿಗೆ ನಾವು ಚೆಂಬನ್ನು ಕೈಗೇ ಕೊಡುತ್ತಿದ್ದೆವು. ಬೊಗಸೆಗೆ ಹುಯ್ಯುತ್ತಿದ್ದದ್ದು ಅಂಗಳದಲ್ಲಿ ನಿಂತವರಿಗೆ, ಜಗಲಿ ಹತ್ತಬಾರದವರಿಗೆ. ಚೆಂಬು ಅವರ ಕೈಗೆ ತಾಗಬಾರದು, ಅವರ ಕೈಗೆ ಬಿದ್ದ ನೀರು ನಮ್ಮ ಕಡೆ ಸಿಡಿಯಬಾರದು. ಅದಕ್ಕೆ ಅಷ್ಟು ಎತ್ತರ. ಬೇಸಗೆ ರಜೆಯಲ್ಲಿ ಆ ಕೆಲಸ ನನ್ನದಾಗಿತ್ತು. ಇದನ್ನು ಅಲ್ಲಿದ್ದವರಲ್ಲಿ ಸರಿಯಾಗಿ ಬಲ್ಲವರು ಇಬ್ಬರೇ. ಊರಿಗೆಲ್ಲ ಪಾಠ ಹೇಳುತ್ತಾ ಬಂದ ನಾನು ಆಗ ತುಟಿ ಬಿಚ್ಚಲಿಲ್ಲ.

ನಮ್ಮ ಸರದಿ ಬಂತು. ಸಿಂಚನ ನನ್ನ ಕೈಗೆ ಚೆಂಬು ಕೊಟ್ಟಳು. “ನೀವು ಮೇಲೆ ಹತ್ತಿ ತಾತ, ನೀವು ಹುಯ್ಯಿ. ಮಾದು ತಾತ ಕುಡೀಲಿ.”

ಶೋಭಾಳ ಮುಖ ಬಿಗಿಯಿತು. ಅವಳಿಗೆ ಅಪ್ಪ ಎಂದೋ ಹೇಳಿರಬೇಕು. “ಬ್ಯಾಡ ಪುಟ್ಟಿ, ನಾನೂ ನೀನೂ ನಿಂತ್ಕಳವ.”

“ಇರ್ಲಿ ಕಣವ್ವ,” ಎಂದರು ಮಾದಯ್ಯ. “ಮೊಗ ಆಸೆ ಪಡ್ತದೆ.”

ಅವರು ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಪಂಚೆ ನೆನೆಯದ ಹಾಗೆ ಮಂಡಿಗಳ ನಡುವೆ ಒತ್ತಿಕೊಂಡರು. ಒಂದು ಕಾಲು ಹಿಂದಿಟ್ಟು ಬಗ್ಗಿ, ಬೊಗಸೆಯನ್ನು ಬಾಯಿಗೆ ಸೇರಿಸಿದರು. ಆಮೇಲೆ ನೆಲ ನೋಡುತ್ತಲೇ ಎಲ್ಲರಿಗೂ ಕೇಳುವ ಹಾಗೆ ಕೂಗಿದರು: “ನೀರ್ ಉಯ್ರಿ ಬುದ್ಧಿ!”

ನಮ್ಮಂಥವರನ್ನು ಅವರು ಆಗ ಕರೆಯುತ್ತಿದ್ದದ್ದೇ ಹಾಗೆ, ಬುದ್ಧಿ ಎಂದು. ಸುತ್ತಲಿನವರು ನಾಟಕವೆಂದುಕೊಂಡು ಚಪ್ಪಾಳೆ ತಟ್ಟಿದರು. ಸಿಂಚನ ಕುಣಿದಳು.

ನಾನು ಚೆಂಬನ್ನು ಕೆಳಗಿಡಬಹುದಿತ್ತು. ಜಗಲಿ ಇಳಿದು ಅವರ ಪಕ್ಕ ನಿಲ್ಲಬಹುದಿತ್ತು. ಸೊಂಟ ನೋವು ಎಂದು ಸುಳ್ಳಾದರೂ ಹೇಳಬಹುದಿತ್ತು. ಮಗ ಫೋನು ಹಿಡಿದಿದ್ದ, ಜನ ನೋಡುತ್ತಿದ್ದರು. ಸುಮ್ಮನೆ ಹುಯ್ದೆ. ಎಷ್ಟು ಎತ್ತರಕ್ಕೆ ಕೈ ಎತ್ತಬೇಕೆಂದು ಯೋಚಿಸಲೂ ಇಲ್ಲ. ಇಷ್ಟು ವರ್ಷವಾದರೂ ಕೈ ತಾನಾಗಿ ಅದೇ ಎತ್ತರಕ್ಕೆ ಹೋಗಿ ನಿಂತಿತು. ಒಂದು ಹನಿ ಚೆಲ್ಲಲಿಲ್ಲ.

“ಅಯ್ಯೋ, ಎಷ್ಟು ಕರೆಕ್ಟಾಗಿ ಮಾಡ್ತೀರಾ ಇಬ್ರೂ!” ಎಂದಳು ಹುಡುಗಿ.

ಮಾದಯ್ಯ ಬಾಯಿ ಒರೆಸಿಕೊಂಡರು. “ಒಳ್ಳೆ ಟ್ರೈನಿಂಗ್ ಆಗದೆ ಕಣವ್ವ ಇಬ್ರಿಗೂವೆ.”

ವಾಪಸು ಬರುವಾಗ ಕೊಳ್ಳೇಗಾಲದಲ್ಲಿ ಟೀ ಕುಡಿಯಲು ನಿಂತೆವು. ಮಿಕ್ಕವರು ಒಳಗಿದ್ದರು, ನಾವಿಬ್ಬರು ಕಾರಿನ ಹತ್ತಿರ. ಏನಾದರೂ ಹೇಳಬೇಕೆಂದು, “ಬೀಗರೇ, ಮೊಗಿಗೆ ಗೊತ್ತಿರ್ಲಿಲ್ಲ,” ಎಂದೆ.

“ಮೊಗಿಗೆ ಗೊತ್ತಿರ್ಲಿಲ್ಲ ಸರಿ,” ಎಂದರು. ಟೀಯನ್ನು ಒಂದು ಸಲ ಊದಿದರು. “ನಿಮ್ಗೆ?”

ನಾನು ಲೋಟವನ್ನು ಕಾರಿನ ಮೇಲಿಟ್ಟೆ.

“ಮೊಗಿಗೆ ನೀವೇ ಯೋಳಿ. ನಾನ್ ಯೋಳುದ್ರೆ ತಾತ ಏನೋ ಅಳೇ ಜಗಳ ತಗುದ್ರು ಅನ್ಕತದೆ.”

ಸಂಜೆ ಮನೆಯಲ್ಲಿ ಸಿಂಚನ ಆ ಫೋಟೋವನ್ನು ತನ್ನ ಶಾಲೆಯ ಗೆಳತಿಯರಿಗೆ ಕಳಿಸಲು ಹೊರಟಿದ್ದಳು. ತಡೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಜಗಲಿ, ಅಂಗಳ, ಚೆಂಬು, ಎತ್ತರ, ಮದುವೆಗೆ ಹೋಗದಿದ್ದದ್ದು, ಎಲ್ಲ. ಹೇಳುವಾಗ ಆದಷ್ಟೂ ‘ಆಗ’ ಎಂಬ ಮಾತನ್ನು ಬಳಸಿದೆ. ಆಗ ಕಾಲ ಹಾಗಿತ್ತು, ಆಗ ದೊಡ್ಡವರು ಹೇಳಿದ್ದನ್ನು ಮಾಡುತ್ತಿದ್ದೆವು, ಆಗ ನಾನು ನಿನ್ನಷ್ಟೇ ಇದ್ದೆ. ಕಾಲದ ಮೇಲೆ ಹೊರೆ ಹಾಕುವುದರಲ್ಲಿ ಒಂದು ಅನುಕೂಲವಿದೆ, ಅದು ಎದುರು ಮಾತಾಡುವುದಿಲ್ಲ.

ಅವಳು ಫೋಟೋವನ್ನೇ ನೋಡುತ್ತಿದ್ದಳು. ಬೆರಳಿನಿಂದ ದೊಡ್ಡದು ಮಾಡಿ ಮಾದಯ್ಯನವರ ಬಗ್ಗಿದ ಬೆನ್ನು ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

“ಎಲ್ಲ ಗೊತ್ತಿದ್ದೂ ಇವತ್ತು ಯಾಕೆ ಹುಯ್ದ್ರಿ ತಾತ?”

ಆಗ ಕಾಲ ಹಾಗಿತ್ತು ಎನ್ನೋಣವೆಂದರೆ, ಅದು ಅದೇ ದಿನ ಬೆಳಿಗ್ಗೆಯ ಮಾತು.