ಬಾಯಲ್ಲಿ ಮರಿ ಕಾಯುವ ಮೀನು, ಸುಳ್ಳು ಹೇಳದ ಹಸೀಬಾ

ಹೇಮಗುಡ್ಡದ ಮೇಲೆ ಬೆಳಕು ಮೂಡುವ ಹೊತ್ತಿಗಾಗಲೇ ಹಸೀಬಾ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದು, ಒಂದು ಬುಟ್ಟಿ ಮೂಲಂಗಿ ಸೊಪ್ಪನ್ನು ಹೊಂಡಕ್ಕೆ ಚೆಲ್ಲಿದ್ದೇ ತಡ, ಮೀನುಗಳು ಮದುವೆಯ ಎರಡನೇ ಪಂಕ್ತಿಯವರ ಹಾಗೆ ಮುಗಿಬೀಳುತ್ತವೆ. "ಏ, ನಿಧಾನ ತಿನ್ರಿ, ಯಾರೂ ಕಸಗೊಳ್ಳಂಗಿಲ್ಲ" ಎಂದು ಅವುಗಳನ್ನು ಗದರಿಸುವುದೂ ನಡೆದಿದೆ. ಮೀನೆಂದರೆ ಮೀನನ್ನೇ ನುಂಗುವ ಜಾತಿ ಎಂದುಕೊಂಡವರು ಇಲ್ಲಿಗೆ ಬಂದು ನೋಡಬೇಕು. ಇದು ತಿಲಾಪಿಯಾ, ಸಂತೆಯವರ ಬಾಯಲ್ಲಿ ಜಿಲೇಬಿ ಮೀನು. ಸೊಪ್ಪು, ಪಾಚಿ, ಗಂಗಾವತಿಯ ಅಕ್ಕಿ ಗಿರಣಿಯ ತೌಡು ಸಿಕ್ಕರೆ ಸಾಕು, ಅಂಗೈಗಿಂತ ಅಗಲ ಬೆಳೆಯುತ್ತದೆ.

ಹಸೀಬಾ ಅವರ ತವರು ಒಣಬೇಸಾಯದ ತಾವರಗೇರಾ. ಮೀನು ಈಜುವುದನ್ನು ಮದುವೆಯಾಗಿ ಬಂದ ಮೇಲೆಯೇ ಕಂಡದ್ದು ಎಂದು ನಗುತ್ತಾರೆ. ಗಂಡ ಅಬ್ದುಲರೌಫರ ತಗ್ಗಿನ ಹೊಲಕ್ಕೆ ಕಾಲುವೆಯ ಬಸಿನೀರು ನುಗ್ಗಿ ಭೂಮಿ ಉಪ್ಪೇರಿ ಸವಳಾಯಿತು. ಭತ್ತ ಏಳಲಿಲ್ಲ. ಕೊನೆಗೆ ಅಲ್ಲೇ ಹೊಂಡ ತೋಡಿ ಮೀನು ಬಿಟ್ಟರು. ಹೊಲದಲ್ಲಿ ಮೀನು ಬಿತ್ತಿದವರು ಎಂದು ಊರವರು ಆಡಿಕೊಂಡರು. ಮೊದಲ ವರ್ಷ ಇವರು ಮಾರಿದ್ದಕ್ಕಿಂತ ಬೆಳ್ಳಕ್ಕಿಗಳು ತಿಂದದ್ದೇ ಹೆಚ್ಚು. ಈಗ ಬಲೆ ಕಟ್ಟಿದ್ದಾರೆ. ದಿನಕ್ಕೆ ಸುಮಾರು ಇಪ್ಪತ್ತು ಕಿಲೋ ಮೀನು ಅಬ್ದುಲರೌಫರ ಗಾಡಿಯೇರಿ ಪೇಟೆಗೆ ಹೋಗುತ್ತದೆ.

ಮಕ್ಕಳು ಬರಲು ಶುರುವಾದದ್ದು ಮಾತ್ರ ಅಕಸ್ಮಾತ್ತು. ಹೇಮಗುಡ್ಡಕ್ಕೆ ಹೊರಟ ಶಾಲೆಯ ಬಸ್ಸೊಂದು ಇವರ ಬೇವಿನ ಮರದಡಿ ನಾಷ್ಟಾಕ್ಕೆ ನಿಂತಿತ್ತು. ಹುಡುಗರು ಹೊಂಡದ ಪಕ್ಕದ ಮರಿಮೀನಿನ ತೊಟ್ಟಿಗೆ ಬಗ್ಗಿದರು, ಹಸೀಬಾ ತಾಯಿ ಮೀನನ್ನೂ ಮರಿಗಳನ್ನೂ ತೋರಿಸಿದರು. ಸುದ್ದಿ ಹಬ್ಬಿ ಚಳಿಗಾಲದುದ್ದಕ್ಕೂ ಬಸ್ಸುಗಳು ಬರತೊಡಗಿದವು. ತಮಗೆ ಮಕ್ಕಳಿಲ್ಲದ ಹಸೀಬಾ ಆ ದಿನಗಳಲ್ಲಿ ಬೆಳಗಿನಿಂದಲೇ ದಾರಿ ಕಾಯುತ್ತಾರೆ. ಅವರಿಗೆ ಅದು ಹಬ್ಬ.

ಕಳೆದ ತಿಂಗಳು ಈ ಹಬ್ಬಕ್ಕೆ ಕಲ್ಲು ಬಿತ್ತು. ಒಬ್ಬ ಹುಡುಗಿ ಬಸ್ಸಿಳಿಯುತ್ತಲೇ, ಬುಟ್ಟಿಯಲ್ಲಿರುವ ಮೀನುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಳು. ಅಡುಗೆಗೆ ಎಂದು ಹಸೀಬಾ ಇದ್ದದ್ದನ್ನು ಇದ್ದಂತೆ ಹೇಳಿದರು. ಹುಡುಗಿ ಬಿಕ್ಕಿದಳು, ಉಳಿದವರೂ ಶುರುಹಚ್ಚಿಕೊಂಡರು. ತೊಟ್ಟಿಯ ಹತ್ತಿರಕ್ಕೂ ಬಾರದೆ ಬಸ್ಸು ಹೊರಟುಹೋಯಿತು. ಆಮೇಲೆ ಇನ್ನೆರಡು ಶಾಲೆಯವರು ಬರುವುದಿಲ್ಲ ಎಂದು ಫೋನು ಮಾಡಿದರು. ಇನ್ನು ಮೇಲೆ ಬರೀ ಚೆಂದಕ್ಕೆ ಸಾಕಿದ್ದೇವೆ ಅಂದುಬಿಡು, ನಿನ್ನ ಗಂಟೇನು ಹೋಗುತ್ತದೆ ಎಂದು ಅಬ್ದುಲರೌಫ್ ಬುದ್ಧಿ ಹೇಳಿದರು. ಹಸೀಬಾ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೂ ಇಂದು ಯಲಬುರ್ಗಾ ಕಡೆಯ ಬಸ್ಸು ಬಂದು ನಿಂತಾಗ ಅವರು ಮೊದಲು ನೋಡುವುದು ಮಕ್ಕಳ ಮುಖವನ್ನೇ. ಈ ಮಕ್ಕಳೂ ಅತ್ತು ಹೋದರೆ ಮುಂದೆ ಯಾರೂ ಬರಲಿಕ್ಕಿಲ್ಲ.

ಸುಮಂಗಲಾ ಟೀಚರು ಮಕ್ಕಳನ್ನು ತೊಟ್ಟಿಯ ಸುತ್ತ ನಿಲ್ಲಿಸುತ್ತಾರೆ. ತಿಳಿನೀರಿನಲ್ಲಿ ಒಂದು ತಾಯಿ ಮೀನು, ಅದರ ಮೂತಿಯ ಮುಂದೆ ಸಾಸಿವೆ ಚೆಲ್ಲಿದಂತೆ ಮರಿಗಳು. ಹಸೀಬಾ ಕೈಯ ನೆರಳನ್ನು ನೀರ ಮೇಲೆ ಆಡಿಸುತ್ತಾರೆ. ತಾಯಿ ಬಾಯಿ ತೆರೆಯುತ್ತದೆ, ಮರಿಗಳೆಲ್ಲ ಸರಕ್ಕನೆ ಒಳಗೆ! ಹಾಲೇಶ ಎಂಬ ಹುಡುಗನ ಮುಖ ಬಿಳಿಚಿಕೊಳ್ಳುತ್ತದೆ. "ತಾಯೇ ತಿಂದ್ಬಿಡ್ತಲ್ರಿ" ಎನ್ನುತ್ತಾನೆ.

"ತಡಿಯಪ್ಪಾ, ಸ್ವಲ್ಪ ಸುಮ್ನ ನಿಂದ್ರು" ಎಂದು ಹಸೀಬಾ ಕೈ ಹಿಂದೆಗೆಯುತ್ತಾರೆ. ಬಸ್ಸಿನಲ್ಲಿ ಕೂಗಾಡಿ ಗಂಟಲು ಕೆಡಿಸಿಕೊಂಡ ಮಕ್ಕಳು ಈಗ ತುಟಿ ಪಿಟಕ್ಕೆನ್ನುವುದಿಲ್ಲ. ಬಾಯಿ ಮೆಲ್ಲಗೆ ತೆರೆಯುತ್ತದೆ. ಒಂದು, ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ ಹೊರಬರುತ್ತದೆ. ಹಾಲೇಶ ಕುಣಿದಾಡುತ್ತಾನೆ. "ಬಾಯಾಗ ಮರಿ ಕಾಯೂತನಾ ತಾಯಿ ಹೊಟ್ಟಿ ತುಂಬ ತಿನ್ನಂಗಿಲ್ಲ" ಎಂದು ಹಸೀಬಾ ಹೇಳುವಾಗ ಟೀಚರು ಕೂಡ ಬಗ್ಗಿ ನೋಡುತ್ತಾರೆ.

ಅಷ್ಟರಲ್ಲಿ ಮಲ್ಲೇಶ್ವರಿ ಎಂಬ ಎರಡು ಜಡೆಯ ಹುಡುಗಿ ಕೇಳಿಯೇಬಿಡುತ್ತಾಳೆ: ಇವನ್ನು ದೊಡ್ಡವು ಮಾಡಿ ಏನು ಮಾಡುತ್ತೀರಿ? ಅತ್ತ ಬುಟ್ಟಿ ಕಟ್ಟುತ್ತಿದ್ದ ಅಬ್ದುಲರೌಫ್ ಬೇಕೆಂದೇ ಕೆಮ್ಮುತ್ತಾರೆ. ಹಸೀಬಾ ಅವಳ ಕಡೆ ತಿರುಗುತ್ತಾರೆ.

"ಮಾರ್ತೀವಿ, ಅವ್ವಾ. ಮಂದಿ ಉಣ್ಣಾಕ ಒಯ್ತಾರ. ಅದಕ್ಕ ಸಾಕೀವಿ. ಆದ್ರ ಬಾಯಾಗ ಮರಿ ಇದ್ದದ್ದು ಬಲ್ಯಾಗ ಬಿದ್ರ, ತಿರುಗಿ ನೀರಿಗೆ ಬಿಡ್ತೀವಿ."

ಮಲ್ಲೇಶ್ವರಿಯ ಮುಖ ಸಣ್ಣದಾಗಿದೆ, ಆದರೆ ಕಣ್ಣು ತುಂಬಿಲ್ಲ. ತೊಟ್ಟಿಯನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡುತ್ತಾಳೆ. "ನಮ್ಮನ್ಯಾಗ ಮೀನ ತಿನ್ನಂಗಿಲ್ರಿ" ಎಂದು ತಡೆದು, "ಸೊಪ್ಪು ಹಾಕಿದ್ರ ನಡೀತದೇನ್ರಿ?" ಎನ್ನುತ್ತಾಳೆ. ಹಸೀಬಾ ಇಡೀ ಸೊಪ್ಪಿನ ಬುಟ್ಟಿಯನ್ನೇ ಅವಳ ಕೈಗಿಡುತ್ತಾರೆ. ಮಕ್ಕಳೆಲ್ಲ ನಾ ಮುಂದು ತಾ ಮುಂದು ಎಂದು ಹೊಂಡದ ದಂಡೆಗೆ ಓಡುತ್ತಾರೆ.

ಬರುವ ವರ್ಷವೂ ಮಕ್ಕಳನ್ನು ಕರೆತರುವುದಾಗಿ ಹೇಳಿ ಸುಮಂಗಲಾ ಟೀಚರು ಬಸ್ಸು ಹತ್ತಿದ್ದಾರೆ. ಅಬ್ದುಲರೌಫ್ ಹೆಂಡತಿಗೆ ಚಹಾ ತಂದುಕೊಡುತ್ತಾರೆ. ಇನ್ನೇನು ಬೇಕು ನಿನಗೆ ಎಂದು ಅವರು ಕೇಳಿದರೆ ಹಸೀಬಾ ದಾರಿಯ ಕಡೆ ನೋಡುತ್ತಾರೆ.

"ಅತ್ತುಕೋತ ಹೋದ್ಲಲ್ರಿ ಆ ಹುಡುಗಿ, ಅಕಿ ಒಮ್ಮಿ ಬರ್ಬೇಕು. ಮೀನು ಎಲ್ಲಿಗೆ ಹೋಗ್ತಾವ ಅನ್ನೂದಷ್ಟ ಅಕಿಗೆ ಗೊತ್ತಾತು. ತಾಯಿ ಬಾಯಿ ತೆರೆಯೂದು ನೋಡ್ಲಿಲ್ಲ."