ಕಡೂರಿನಲ್ಲಿ ನಾವೆಲ್ಲ ಕ್ಷೇಮ

ಶನಿವಾರಕ್ಕೆ ಬೆಳಗಿನ ಶಾಲೆ ಇರುತ್ತಿದ್ದ ಕಾಲ ಅದು. ಹನ್ನೊಂದೂವರೆಗೆ ಗಂಟೆ ಹೊಡೆದರೆ ಮಧ್ಯಾಹ್ನವೆಲ್ಲ ನಮ್ಮದು. ಇಡೀ ದಿನದ ರಜೆಗಿಂತ ಅರ್ಧ ದಿನದ ರಜೆಗೆ ರುಚಿ ಹೆಚ್ಚು ಅನ್ನುವುದನ್ನು ನೀವೂ ಒಪ್ಪುತ್ತೀರಿ. ಒಪ್ಪದಿದ್ದರೆ ಮೂರು ಕಾರಣ ಕೊಡಬಲ್ಲೆ. ಎಂಟನೇ ಕ್ಲಾಸಿನಲ್ಲಿದ್ದಾಗಲೂ ನಾನು ಹೀಗೇ ಇದ್ದೆ. ಯಾರು ಏನು ಹೇಳಿದರೂ ನನ್ನ ಹತ್ತಿರ ಮೂರು ಕಾರಣ ಸಿದ್ಧ.

ತಪ್ಪು ನಮ್ಮ ಸಿದ್ದಪ್ಪ ಮೇಷ್ಟ್ರದ್ದು. ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡುತ್ತಿದ್ದವರು ಅವರು. "ಲೇ ವಿಮಲಾ, ನಿನ್ನ ಬಾಯಿಗೆ ವಿರೋಧವೇ ಸರಿ ಕಣೇ" ಎಂದು ಯಾವಾಗಲೂ ವಿರೋಧದ ಕಡೆಗೇ ನಿಲ್ಲಿಸುತ್ತಿದ್ದರು. ಮನೆಯಲ್ಲೂ ಅದೇ ಅಭ್ಯಾಸ ಮುಂದುವರಿಯಿತು. ಅಪ್ಪನಿಗೆ ಕೊಬ್ಬರಿ ಮಂಡಿ ಇತ್ತು. ಪೂಜೆಗೆ ಕೂತ ಅಪ್ಪನ ಹಿಂದೆ ನಿಂತು, "ಲಿಂಗಕ್ಕೆ ನೀರು ಹಾಕಿದ್ರೆ ಅದಕ್ಕೆ ಗೊತ್ತಾಗುತ್ತಾ?" ಎಂದು ಕೇಳಿದ್ದೆ. ಅಪ್ಪ ತಿರುಗಿ ನೋಡದೆ, "ಅದಕ್ಕೆ ಗೊತ್ತಾಗುತ್ತೋ ಇಲ್ವೋ, ನಿನಗೆ ತಿಂಡಿ ಇಲ್ಲ ಅನ್ನೋದು ಈಗ ಗೊತ್ತಾಗುತ್ತೆ" ಅಂದರು.

ಶನಿವಾರ ಮಧ್ಯಾಹ್ನ ನನ್ನನ್ನು ಸಿಸ್ಟರಮ್ಮನ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಒಂದಿಷ್ಟು ಕಿವಿ ತಣ್ಣಗಾಗಲಿ ಅನ್ನುವುದೂ ಒಂದು ಕಾರಣ. ಗ್ರೇಸಮ್ಮ ಅಂತ ಅವರ ಹೆಸರು. ಅಜ್ಜಂಪುರದ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನನ್ನಮ್ಮನ ತವರು ಅಜ್ಜಂಪುರ; ನಾನು ಹುಟ್ಟಿದ್ದು ಅವರ ಕೈಯಲ್ಲೇ. ರಿಟೈರಾದ ಮೇಲೆ ಕಡೂರಿಗೆ ಬಂದು, ಸ್ಟೇಷನ್ ಹಿಂದಿನ ಓಣಿಯಲ್ಲಿ ಒಂದು ಕೆಂಪು ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಜೊತೆಗೆ ಐದಾರು ಕೋಳಿ, ಅವುಗಳ ಮೇಲೆ ದರ್ಬಾರು ಮಾಡುವ ಒಂದು ಕುಂಟು ಹುಂಜ. ಮನೆಯೊಳಗೆ ಡೆಟಾಲ್ ವಾಸನೆ. ಡಿಸೆಂಬರ್ ಬಂದರೆ ಅದರ ಜೊತೆಗೆ ಸೊಗಡಿನ ಅವರೆಕಾಯಿ ವಾಸನೆ.

ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಅವರು ಹೇಳಿದ್ದನ್ನು ಅಂಚೆ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ದುಂಡಗೆ ಬರೆದುಕೊಡುವುದು ನನ್ನ ಕೆಲಸ. ಬರೆಯುತ್ತಿದ್ದದ್ದು ಯಾರಿಗೆ ಅಂತೀರಿ? ರಷ್ಯಾದ ಒಬ್ಬ ಕೈದಿಗೆ.

ಅವರ ಚರ್ಚಿನ ಸಭೆಗೆ ಒಂದು ಹಾಳೆ ಬರುತ್ತಿತ್ತು. ಯೇಸುವನ್ನು ನಂಬಿದ್ದಕ್ಕೆ ಎಲ್ಲೆಲ್ಲೋ ದೇಶಗಳಲ್ಲಿ ಜೈಲು ಸೇರಿದವರ ಹೆಸರುಗಳು ಅದರಲ್ಲಿ. ಸಭೆಯಲ್ಲಿ ಇದ್ದದ್ದೇ ಹನ್ನೊಂದು ಮನೆ; ಮನೆಗೊಂದು ಹೆಸರು ಹಂಚಿಕೊಂಡಿದ್ದರು. ಸಿಸ್ಟರಮ್ಮನ ಪಾಲಿಗೆ ಬಂದವನು ಪ್ಯೋತ್ರ್, ಆಮೇಲೊಂದು ಉದ್ದನೆಯ ಮನೆತನದ ಹೆಸರು. ಸರ್ಕಾರದ ಪರವಾನಗಿ ಇಲ್ಲದೆ ಮನೆಯಲ್ಲಿ ನಾಲ್ಕು ಜನ ಸೇರಿಸಿ ಪ್ರಾರ್ಥನೆ ಮಾಡಿದ್ದ. ಅಷ್ಟಕ್ಕೇ ಐದು ವರ್ಷ. ಹೆಂಡತಿ, ಮೂರು ಮಕ್ಕಳು. ಸಿಸ್ಟರಮ್ಮ ಅವನನ್ನು 'ನಮ್ಮ ಪೀಟರಪ್ಪ' ಅನ್ನುತ್ತಿದ್ದರು, ಪಂಚನಹಳ್ಳಿಯಲ್ಲಿರುವ ತಮ್ಮನೋ ಏನೋ ಅನ್ನುವ ಹಾಗೆ. ಶನಿವಾರ ಅವನಿಗೋಸ್ಕರ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ.

"ನೀವಿಲ್ಲಿ ಸಕ್ಕರೆ ಬಿಟ್ರೆ ಅವನಿಗಲ್ಲಿ ಏನ್ ಸಿಗುತ್ತೆ?" ಅಂತ ಕೇಳಿದ್ದೆ.

"ಏನೂ ಸಿಗಲ್ಲ. ಕಹಿ ಆದಾಗ ನನಗೆ ಅವನ ನೆನಪಾಗುತ್ತೆ, ಅಷ್ಟೇಯ."

"ನೆನಪಾದ್ರೆ ಅವನಿಗೇನ್ ಬಂತು?"

"ನಿನ್ನ ಪಾಯಿಂಟು ಸರಿಯಾಗೇ ಇದೆ ಕಣವ್ವ. ಹಾಲು ಆರೋಗುತ್ತೆ, ಕುಡಿ."

ಇದು ನನಗೆ ತಡೆಯಲಾಗದ ಸಂಕಟ. ಎದುರಿನವರು ಪಾಯಿಂಟು ಒಪ್ಪಿಬಿಟ್ಟರೆ ಚರ್ಚೆ ಮಾಡುವುದು ಹೇಗೆ?

ಕಾರ್ಡಿನ ಮೊದಲ ಸಾಲು ಯಾವಾಗಲೂ ಒಂದೇ: 'ಕಡೂರಿನಲ್ಲಿ ನಾವೆಲ್ಲ ಕ್ಷೇಮ.' ಅದಕ್ಕೂ ನನ್ನ ಆಕ್ಷೇಪಣೆ ಇತ್ತು.

"ನಾವೆಲ್ಲ ಅಂದ್ರೆ ಯಾರು? ನೀವೊಬ್ರೇ ತಾನೆ ಇರೋದು?"

"ನೀನಿಲ್ವಾ? ಪೋಸ್ಟಾಫೀಸಿನ ಖಾದರ್ ಸಾಹೇಬ್ರಿಲ್ವಾ? ಈ ಕುಂಟ ಇಲ್ವಾ?" ಎಂದು ಹುಂಜನ ಕಡೆ ಕೈ ತೋರಿಸಿದರು. "ಬರಿ ಬರಿ, ನಾವೆಲ್ಲ."

ಆಮೇಲೆ ಮಳೆ, ಕೋಳಿ, ಕುಂಟು ಹುಂಜ, ತೆಂಗಿನಮರ. ತೆಂಗಿನಮರ ಹೇಗಿರುತ್ತದೆ, ಕಾಯಿ ಎಲ್ಲಿ ಬಿಡುತ್ತದೆ, ಹತ್ತುವವನು ಕಾಲಿಗೆ ಹಗ್ಗ ಹೇಗೆ ಹಾಕಿಕೊಳ್ಳುತ್ತಾನೆ. ಕೊನೆಗೆ 'ನಿಮ್ಮನ್ನು ನೆನೆಯುತ್ತೇವೆ.' ಅಷ್ಟೇ. ದೇವರ ಹೆಸರಿಲ್ಲ, ಜೈಲಿನ ಮಾತಿಲ್ಲ. ಹಾಳೆಯ ಕೆಳಗೆ ಕಟ್ಟುನಿಟ್ಟಾಗಿ ಅಚ್ಚಾಗಿತ್ತು: ಅಲ್ಲಿನ ಸರ್ಕಾರದ ಬಗ್ಗೆ ಒಂದಕ್ಷರವೂ ಬರೆಯಬಾರದು. ನಾನು ಅದನ್ನು ಓದಿದ್ದೆ. ಓದಿ, ಹೆದರುಪುಕ್ಕಲರು ಎಂದು ತೀರ್ಮಾನವನ್ನೂ ಕೊಟ್ಟಿದ್ದೆ.

ಆ ವರ್ಷ ಕ್ರಿಸ್‌ಮಸ್ಸಿಗೆ ಮುಂಚಿನ ಶನಿವಾರ. ಹಿಂದಿನ ದಿನವಷ್ಟೇ ತರೀಕೆರೆಯಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದಿದ್ದೆ. ವಿರೋಧದ ಕಡೆಯಿಂದಲೇ. ತೀರ್ಪುಗಾರರೊಬ್ಬರು ಬೆನ್ನು ತಟ್ಟಿ, "ಹುಡುಗಿ ಬಾಯಿ ಬಿಟ್ರೆ ಎದುರಿನವ್ರ ಬಾಯಿ ಮುಚ್ಚೋಯ್ತು" ಅಂದಿದ್ದರು. ಬಸ್ಸಿನಲ್ಲಿ ಬರುವಾಗ ಶೀಲ್ಡು ನನ್ನ ತೊಡೆಯ ಮೇಲಿತ್ತು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಸಿಸ್ಟರಮ್ಮನ ಮನೆಯಲ್ಲಿ ಅವತ್ತು ಹಬ್ಬದ ತಿಂಡಿ ಕಲ್‌ಕಲ್ ಮಾಡುವ ಸಂಭ್ರಮ. ಮೈದಾ ಹಿಟ್ಟಿಗೆ ತೆಂಗಿನಹಾಲು ಹಾಕಿ ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ತೆಗೆದು, ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಶಂಖದ ಹಾಗೆ ಗೆರೆಗೆರೆ ಬೀಳುತ್ತಿತ್ತು. ಅವರು ಹಿಟ್ಟು ಒತ್ತುತ್ತಲೇ ಹೇಳಿದರು, ನಾನು ಬರೆದೆ. ಮತ್ತದೇ: ನಾವೆಲ್ಲ ಕ್ಷೇಮ, ಚಳಿ ಶುರುವಾಗಿದೆ, ತೆಂಗಿನಮರಕ್ಕೆ ಹುಳ ಹತ್ತಿತ್ತು, ಈಗ ಹೊಸ ಗರಿ ಬಿಟ್ಟಿದೆ. ಕಾರ್ಡಿನ ಕೆಳಗೆ ಎರಡು ಬೆರಳು ಜಾಗ ಉಳಿಯಿತು.

"ಡಬ್ಬಿಗೆ ಹಾಕ್ಬಿಟ್ಟು ಬಾ. ಅಷ್ಟೊತ್ತಿಗೆ ಎಣ್ಣೆ ಕಾದಿರುತ್ತೆ" ಅಂದರು.

ಸ್ಟೇಷನ್ ಬಾಗಿಲಲ್ಲಿ ಕೆಂಪು ಡಬ್ಬಿ. ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಕಾರ್ಡು ನೋಡಿದೆ. ಒಬ್ಬ ಮನುಷ್ಯನನ್ನು ಅನ್ಯಾಯವಾಗಿ ಕೂಡಿಹಾಕಿದ್ದಾರೆ, ನಾವು ತೆಂಗಿನಮರದ ಕಥೆ ಹೇಳುತ್ತಾ ಕೂತಿದ್ದೇವೆ! ಆ ಎರಡು ಬೆರಳು ಜಾಗ ನನಗೇ ಬಿಟ್ಟಂತೆ ಕಂಡಿತು. ಪೆನ್ನು ತೆಗೆದೆ. 'ನಿಮ್ಮ ಸರ್ಕಾರ ಹೇಡಿ. ಇನ್ನೊಂದು ಕಡೆಯ ಮಾತು ಕೇಳದೆ ಶಿಕ್ಷೆ ಕೊಡುವುದು ಅನ್ಯಾಯ. ಜೈಲಿನ ಅಧಿಕಾರಿಗೆ ಧೈರ್ಯವಿದ್ದರೆ ನನ್ನ ಈ ಮಾತಿಗೆ ಉತ್ತರ ಬರೆಯಲಿ' ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ. 'ಹೇಡಿ' ಅನ್ನುವುದರ ಕೆಳಗೆ ಗೆರೆಯನ್ನೂ ಎಳೆದು ಡಬ್ಬಿಗೆ ಹಾಕಿ, ಒಂದೇ ಉಸಿರಿಗೆ ಓಡಿ ಬಂದೆ.

ಮೊದಲ ಒಬ್ಬೆಯ ಕಲ್‌ಕಲ್ ತಟ್ಟೆಯಲ್ಲಿತ್ತು. ಬಾಯಿ ಸುಟ್ಟುಕೊಂಡು ತಿನ್ನುತ್ತಾ, ನಾನು ಮಾಡಿದ ಘನಕಾರ್ಯವನ್ನು ಬಣ್ಣಿಸಿದೆ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ.

ಸಿಸ್ಟರಮ್ಮ ಜಾಲರಿ ಸೌಟನ್ನು ಕೆಳಗಿಟ್ಟರು. "ಏನ್ ಬರ್ದೆ? ಇನ್ನೊಂದ್ಸಲ ಹೇಳು."

ಹೇಳಿದೆ. ಎರಡನೇ ಸಲಕ್ಕೆ ಅದು ಯಾಕೋ ಅಷ್ಟು ಚೆನ್ನಾಗಿ ಕೇಳಿಸಲಿಲ್ಲ.

"ಆ ಕಾರ್ಡನ್ನ ಮೊದಲು ಓದೋದು ಯಾರು?"

"ಜೈಲಿನವರು. ಓದ್ಲಿ ಅಂತಾನೇ ಬರ್ದಿದ್ದು. ನಿಜಾನೇ ಅಲ್ವಾ ನಾನು ಬರ್ದಿರೋದು?"

"ನಿಜಾನೇಯ. ಓದಿ ಅವನಿಗೆ ಸಿಟ್ಟು ಬರುತ್ತೆ ಅಂತಿಟ್ಕೋ. ನಿನ್ನ ಹೊಡೆಯೋಕೆ ಕಡೂರಿಗೆ ಬತ್ತಾನಾ?"

"ಇಲ್ಲ."

"ಮತ್ತೆ ಅವನ ಕೈಗೆ ಸಿಕ್ಕೋದು ಯಾರು?"

ಅವರು ದನಿ ಏರಿಸಲಿಲ್ಲ. ಒಲೆಯ ಮೇಲೆ ಎಣ್ಣೆ ಸಣ್ಣಗೆ ಹೊಗೆಯಾಡುತ್ತಿತ್ತು. ಬಾಯಲ್ಲಿದ್ದ ಕಲ್‌ಕಲ್ ನುಂಗುವುದಕ್ಕೂ ಆಗಲಿಲ್ಲ, ಉಗಿಯುವುದಕ್ಕೂ ಆಗಲಿಲ್ಲ.

ಬಾಣಲೆ ಇಳಿಸಿ, ಸೆರಗು ಹೊದ್ದು, ಅವರು ನನ್ನ ಕೈ ಹಿಡಿದು ಹೊರಟರು. ಸ್ಟೇಷನ್ ಡಬ್ಬಿ ಆಗಲೇ ಖಾಲಿ ಮಾಡಿದ್ದರು. ಪೋಸ್ಟಾಫೀಸಿಗೆ ಹೋದರೆ ಖಾದರ್ ಸಾಹೇಬರು ಚೀಲದ ಬಾಯಿ ಕಟ್ಟಿ, ಮೇಣದಬತ್ತಿಗೆ ಅರಗು ಹಿಡಿದು ಕರಗಿಸುತ್ತಿದ್ದರು. ಅವರು ನಮ್ಮೂರಿನ ಪೋಸ್ಟ್ ಮಾಸ್ಟರು. ನಗುವುದಕ್ಕೂ ಮುದ್ರೆ ಒತ್ತುವ ಮನುಷ್ಯ.

ಸಿಸ್ಟರಮ್ಮ ವಿಷಯ ಹೇಳಿದರು.

"ಡಬ್ಬಿಗೆ ಬಿದ್ದ ಮೇಲೆ ಅದು ಸರ್ಕಾರದ್ದು, ಸಿಸ್ಟರಮ್ಮಾ. ವಾಪಸ್ ಬೇಕೂಂದ್ರೆ ಬರೆದವರು ಅರ್ಜಿ ಕೊಡ್ಬೇಕು. ಕಾರಣ ಬರೀಬೇಕು. ವಿಳಾಸಾನೂ ಬರೆದು ತೋರಿಸ್ಬೇಕು, ಅಕ್ಷರ ತಾಳೆ ನೋಡ್ತೀನಿ. ಯಾರು ಬರೆದಿದ್ದು?"

ಸಿಸ್ಟರಮ್ಮ ನನ್ನ ಕೈ ಬಿಡಲಿಲ್ಲ.

"ನಾನು" ಅಂದೆ.

ಹಾಳೆ, ಪೆನ್ನು ಕೊಟ್ಟರು. ನಾನು 'ಮೊದಲನೆಯದಾಗಿ' ಎಂದು ಶುರು ಮಾಡಿ ಐದಾರು ಸಾಲು ಗೀಚಿದೆ: ಬರೆದದ್ದು ಸುಳ್ಳಲ್ಲ, ಆದರೆ ಸಂದರ್ಭ ಸರಿಯಿಲ್ಲ, ಇತ್ಯಾದಿ. ಸಾಹೇಬರು ಓದಿ ಹಾಳೆಯನ್ನು ಹಿಂದಕ್ಕೆ ತಳ್ಳಿದರು.

"ಇದು ಭಾಷಣ, ಬೇಟಿ. ನಾನು ಕೇಳಿದ್ದು ಕಾರಣ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಟಪಾಲು ಚೀಲ ಒಯ್ಯುವ ಗಾಡಿ ಬೀರೂರು ಬಿಟ್ಟಿದೆಯಂತೆ. ಬೀರೂರಿನಿಂದ ಕಡೂರಿಗೆ ಹತ್ತೇ ನಿಮಿಷ ಅನ್ನುವುದು ಊರಿನ ಮಕ್ಕಳಿಗೆಲ್ಲ ಗೊತ್ತು. ಇನ್ನೊಂದು ಹಾಳೆಯಲ್ಲಿ ಬರೆದೆ: 'ನಾನು ತಪ್ಪು ಮಾಡಿದ್ದೇನೆ. ನಾನು ಬರೆದದ್ದಕ್ಕೆ ಬೇರೊಬ್ಬರು ಏಟು ತಿನ್ನುತ್ತಾರೆ. ದಯವಿಟ್ಟು ಕಾರ್ಡು ವಾಪಸ್ಸು ಕೊಡಿ.' ಕೆಳಗೆ ರಷ್ಯಾದ ವಿಳಾಸ. ಅಷ್ಟು ಸಲ ಬರೆದಿದ್ದರಿಂದ ಅದು ತಾನಾಗಿಯೇ ಬಂತು.

ಸಾಹೇಬರು ಓದಿದರು. ಕಟ್ಟಿದ್ದ ಚೀಲ ಬಿಚ್ಚಿ, ವಿದೇಶದ ಕಟ್ಟು ಹೊರತೆಗೆದು, ಕಾರ್ಡಿನ ಪಕ್ಕ ನನ್ನ ಹಾಳೆ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿದರು. ನಿಧಾನವಾಗಿ. ಕೊನೆಗೆ ಕಾರ್ಡನ್ನು ಕೈಗೆ ಕೊಟ್ಟು, ಮತ್ತೆ ಚೀಲ ಕಟ್ಟಿ ಅರಗು ಸುರಿದರು. ಇವತ್ತಿಗೂ ಎಲ್ಲಾದರೂ ಅರಗಿನ ವಾಸನೆ ಬಂದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ದಾರಿಯಲ್ಲಿ ಬರುವಾಗ ಅತ್ತುಬಿಟ್ಟೆ. "ನನ್ನಿಂದ ಇನ್ಮೇಲೆ ಬರೆಸ್ಬೇಡಿ" ಅಂದೆ.

"ಬರೆಸ್ದೆ ಇನ್ನೇನ್ ಮಾಡ್ಲಿ? ನನ್ನ ಕಣ್ಣು ನೀನು ತಾನೆ? ಮನೆಗೆ ನಡಿ, ಇನ್ನೊಂದು ಕಾರ್ಡಿದೆ. ಅಷ್ಟು ನೀಟಾಗಿ ಬೈದಿದ್ದೀಯ, ಅಷ್ಟೇ ನೀಟಾಗಿ ತೆಂಗಿನಮರ ಬರಿ. ಅವನಿರೋ ಕಡೆ ಸುತ್ತ ಹಿಮ ಕಣವ್ವ. ಬೈಗುಳ ಅಲ್ಲಿ ಬೇಕಾದಷ್ಟು ಸಿಗುತ್ತೆ. ತೆಂಗಿನಮರ ಎಲ್ಲಿ ಸಿಗುತ್ತೆ?"

ಎರಡನೇ ಕಾರ್ಡಿನಲ್ಲೂ ಎರಡು ಬೆರಳು ಜಾಗ ಉಳಿಯಿತು. ಅವರನ್ನು ಕೇಳಿ, ಓದಿ ಹೇಳಿ, ಆಮೇಲೆ ಬರೆದೆ: ಇವತ್ತು ಬಾಚಣಿಗೆಯ ಮೇಲೆ ತಿಂಡಿ ಮಾಡಿದೆವು, ಬಾಚಣಿಗೆ ಹೊಸದು.

ಅಲ್ಲಿಂದ ಉತ್ತರ ಬರುವುದಿಲ್ಲ ಎನ್ನುವುದು ನನ್ನ ಗಟ್ಟಿ ವಾದವಾಗಿತ್ತು. ವರ್ಷ ಕಳೆಯಿತು. ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ಒಂದು ಶನಿವಾರ ಖಾದರ್ ಸಾಹೇಬರು ತಾವೇ ನಡೆದುಕೊಂಡು ಬಂದು ಒಂದು ಕಾರ್ಡು ಕೊಟ್ಟರು. ನಮಗೆ ಬಾರದ ಲಿಪಿಯಲ್ಲಿ ಒಂದೇ ಸಾಲು. ಕೈದಿಯದಲ್ಲ, ಅವನ ಹೆಂಡತಿಯದಿರಬೇಕು. ಅಕ್ಷರದ ಕೆಳಗೆ ಮಕ್ಕಳ ಕೈಯ ಪೆನ್ಸಿಲ್ ಚಿತ್ರ.

ಸಿಸ್ಟರಮ್ಮನಿಗೆ ಆಗ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. "ಹೆಂಗಿದೆ? ಹೇಳು ಹೇಳು."

"ಒಂದು ಮರ. ತೆಂಗಿನಮರ ಬರೆಯೋಕೆ ಹೋಗಿದ್ದಾರೆ. ತಪ್ಪಾಗಿದೆ. ಮೈತುಂಬ ಕೊಂಬೆ, ಕೊಂಬೆಗೊಂದು ಕಾಯಿ. ಕೆಳಗೊಂದು ಹುಂಜ ಇದೆ."

"ಕುಂಟ್ತಾ ಇದೆಯಾ?"

ಬೆಳಕಿಗೆ ಹಿಡಿದು ನೋಡಿದೆ. ಒಂದು ಕಾಲು ಗಿಡ್ಡವಾಗಿತ್ತು. ಬೇಕೆಂದೇ ಬರೆದಿದ್ದೋ, ಮಗುವಿನ ಕೈ ಜಾರಿದ್ದೋ, ಸಾಕ್ಷಿ ಇಲ್ಲ. "ಹೂಂ" ಅಂದೆ. ನನ್ನ ಜೀವಮಾನದಲ್ಲಿ ಸಾಕ್ಷಿಯಿಲ್ಲದೆ ಒಪ್ಪಿಕೊಂಡ ಮೊದಲ ಮಾತು ಅದು. ಸಿಸ್ಟರಮ್ಮ ಅವತ್ತಿನ ಕಹಿ ಕಾಫಿಯನ್ನು ಪಾಯಸದ ಹಾಗೆ ಕುಡಿದರು.

ಈಗ ನಾನು ಮೈಸೂರಿನಲ್ಲಿ ಲಾ ಓದುತ್ತಿದ್ದೇನೆ. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಚರ್ಚೆಗೆ ಬರುವವರು ಬರಬಹುದು. ಆದರೆ ಯಾರ ಪರವಾಗಿಯಾದರೂ ಜೋರಾಗಿ ಬಾಯಿ ತೆರೆಯುವ ಮುಂಚೆ, ಇದಕ್ಕೆ ಸಿಟ್ಟು ಬಂದವನ ಕೈಗೆ ಸಿಕ್ಕೋದು ಯಾರು ಅಂತ ಒಂದು ಸಲ ಕೇಳಿಕೊಳ್ಳುತ್ತೇನೆ. ಕೆಲವು ಸಲ ಕೇಳಿಕೊಂಡೂ ಮಾತಾಡಬೇಕಾಗುತ್ತದೆ. ಅದು ಬೇರೆ ಮಾತು.

ರಷ್ಯಾದಲ್ಲಿ ಅಂಥ ಕೈದಿಗಳನ್ನು ಬಿಡುತ್ತಿದ್ದಾರೆ ಎಂದು ಪೇಪರಿನಲ್ಲಿ ಬರುತ್ತಿದೆ. ಹೆಸರು ಹಾಕುವುದಿಲ್ಲ. ಪೀಟರಪ್ಪನ ಐದು ವರ್ಷ ಯಾವಾಗಲೋ ಮುಗಿದಿರಬೇಕು; ಮನೆಗೆ ಬಂದನೋ, ಮತ್ತೆ ಒಳಗೆ ಹಾಕಿದರೋ, ಹೇಳುವ ಹಾಳೆ ಈಗ ನನ್ನ ಕೈಗೆ ಬರುವುದಿಲ್ಲ. ಸಿಸ್ಟರಮ್ಮ ತೀರಿಕೊಂಡು ಮೂರು ವರ್ಷವಾಯಿತು. ಖಾದರ್ ಸಾಹೇಬರು ರಿಟೈರಾಗಿ ಮಗನ ಊರಿಗೆ ಹೋದರು. ಹಂಚಿನ ಮನೆಯಲ್ಲಿ ಈಗ ಸಿಮೆಂಟಿನ ಮೂಟೆಗಳಿವೆ. ಕುಂಟು ಹುಂಜನ ವಂಶ ಎಲ್ಲಿದೆಯೋ.

ಮೊನ್ನೆ ರಜೆಯಲ್ಲಿ ಕಡೂರಿಗೆ ಹೋದಾಗ ಒಂದು ಕಾರ್ಡು ಕೊಂಡು, ಸ್ಟೇಷನ್ನಿನ ಅದೇ ಕಲ್ಲುಬೆಂಚಿನ ಮೇಲೆ ಕೂತೆ. ವಿಳಾಸ ಬಾಯಿಗೆ ಬರಲಿಲ್ಲ, ಕೈಗೆ ಬಂತು. ಒಂದಕ್ಷರವೂ ತಪ್ಪಲಿಲ್ಲ. ವಿಳಾಸದ ಪಕ್ಕದ ಖಾಲಿ ಜಾಗಕ್ಕೆ ಬಂದು ಮೊದಲ ಸಾಲು ಶುರು ಮಾಡಿದೆ. 'ಕಡೂರಿನಲ್ಲಿ' ಎಂದು ಬರೆದೆ. ಮುಂದಿನ ಪದ 'ನಾವೆಲ್ಲ'.

ಗಾಡಿ ಬಂದು ಹೋಯಿತು. ಪೆನ್ನು ಅಲ್ಲೇ ನಿಂತಿತ್ತು.