ದಾನಮ್ಮನ ಕೆಂಪು ಉಗುರು

ದಾನಮ್ಮ ಇಂಡಿ ತಾಲೂಕಿನ ಕಡೆಯಿಂದ ನಾಶಿಕ್‌ಗೆ ಬಂದು, ಅಲ್ಲಿನ ಅಂಬಡ್‌ನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಗಂಡ ತೀರಿಹೋದ ಮೇಲೂ ಅವಳು ಸಿಮೆಂಟು ಹೊರುವುದನ್ನು ನಿಲ್ಲಿಸಲಿಲ್ಲ. ಹಿಮ್ಮಡಿಗಳು ಒಡೆದು, ಹೊದ್ದುಕೊಂಡ ಕೌದಿಯ ನೂಲು ಸಿಕ್ಕಿಕೊಳ್ಳುವಷ್ಟು ಒರಟಾಗಿದ್ದವು.

ಒಂದು ಭಾನುವಾರ ಬೆಳಿಗ್ಗೆ ಅವಳು ಬಾಗಿಲ ಮುಂದೆಯೇ ಕುಳಿತಳು. ಪ್ಲಾಸ್ಟಿಕ್ ಟಬ್ಬಿನ ಉಗುರುಬೆಚ್ಚಗಿನ ನೀರಿಗೆ ಉಪ್ಪು, ಒಂದಿಷ್ಟು ಶಾಂಪೂ ಹಾಕಿ ಕಾಲು ಇಳಿಬಿಟ್ಟಳು. ಚೆನ್ನಾಗಿ ನೆನೆದ ಹಿಮ್ಮಡಿಯನ್ನು ಒರಟು ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿದಳು. ಆಮೇಲೆ ಮಗಳು ಮಂಜುಳಾಳ ನೇಲ್ ಪಾಲಿಶ್ ತೆಗೆದು ಕಾಲುಗುರಿಗೆ ಕೆಂಪು ಹಚ್ಚತೊಡಗಿದಳು.

ಪಕ್ಕದ ಖೋಲಿಯಲ್ಲಿ ವಾಸವಿದ್ದ ಮೈದುನ ಕಾಶೀನಾಥ ಅದನ್ನು ಕಂಡು ನಿಂತ. "ವೈನಿ, ಗಂಡ ಸತ್ತಾಕಿಗೆ ಇದೆಲ್ಲಾ ಯಾಕ್ ಬೇಕ್ರಿ? ಮಂದಿ ಏನಂದಾರು?"

ದಾನಮ್ಮ ಕಿರುಬೆರಳು ಮುಗಿಸುವವರೆಗೆ ತಲೆ ಎತ್ತಲಿಲ್ಲ. "ಗಂಡ ಸತ್ತಾನ, ನನ್ನ ಕಾಲು ಸತ್ತಿಲ್ಲ," ಎಂದಳು. "ಈ ಕಾಲಿಲೆ ಏಳೇಳು ಮಾಳಿಗಿ ಹತ್ತಿ ಮಗಳನ್ನ ಓದಿಸೀನಿ. ಆಗ ಯಾವ ಮಂದೀನೂ ಬಂದು ನನ್ನ ಬುಟ್ಟಿ ಹಿಡೀಲಿಲ್ಲ."

"ನಾಳಿ ಮತ್ತ ಸಿಮೆಂಟಿನಾಗ ಹೋಗ್ತದ ಬಿಡ್ರಿ," ಎಂದು ಅವನು ಗೊಣಗಿದ.

"ಹೋದ್ರ ಮತ್ತ ಹಚ್ಕೋತೀನಿ."

ಕಾಶೀನಾಥ ತನ್ನ ಖೋಲಿಯೊಳಗೆ ಹೋದ. ಮಂಜುಳಾ ಬಾಗಿಲಿಗೆ ಬಂದು ನೋಡಿ, "ಛಾನ್, ಭಾಳ ಛಂದ ಕಾಣಸ್ತಾವ ಅವ್ವ," ಎಂದಳು.

ಕಾಶೀನಾಥ ಹೇಳಿದಂತೆಯೇ ಬುಧವಾರದ ಹೊತ್ತಿಗೆ ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು. ದಾನಮ್ಮನಿಗೆ ಅದರಿಂದ ಬೇಜಾರಾಗಲಿಲ್ಲ. ಮುಂದಿನ ಭಾನುವಾರ ಎದುರು ಮನೆಯ ಹೆಂಗಸರನ್ನೂ ಕರೆದು, ಎಲ್ಲರೂ ನೋಡುವ ಹಾಗೆ, ಓಣಿಯ ನಡುವೆ ಎಲ್ಲರ ಕಾಲು ನೆನೆಸಲು ದೊಡ್ಡ ಹಂಡೆಯ ತುಂಬ ನೀರಿಟ್ಟಳು.